ಬಳೆ ಬಿಚ್ಚಿಟ್ಟು ಯುಪಿಎಸ್ ನೋಡಿದ್ದು

ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ ನಮ್ಮ ಅನುಗೊಂಡನಹಳ್ಳಿ ಕಡೆ ಗಾಳಿಮಳೆ ಹೆಂಗೆ ಬರುತ್ತೆ ಅಂತ ನಿಮಗೆ ಗೊತ್ತೇ ಐತೆ. ಮೊದ್ಲು ಧೂಳು, ಆಮೇಲೆ ಗುಡುಗು, ಅದಾದ್ಮೇಲೆ ಕರೆಂಟು ಹೋಗೋದು. ಅಂಥದ್ದೇ ಒಂದು ರಾತ್ರಿ ಎರಡು ಗಂಟೆಗೆ ನಮ್ಮತ್ತೆಗೆ ಉಬ್ಬಸ ಜಾಸ್ತಿ ಆಯ್ತು. ಡಾಕ್ಟ್ರು ಬರ್ಕೊಟ್ಟಿರೋ ಔಷಧಿ ಹಾಕಿ ನೆಬ್ಯುಲೈಸರ್ ಹಚ್ಚಿದೆ. ಯುಪಿಎಸ್ ಐತಲ್ಲ ಅಂತ ಧೈರ್ಯ. ಐದು ನಿಮಿಷ ಆಗಿಲ್ಲ, ಕುಯ್ಯ್ ಅಂತ ಕೂಗಿ ಎಲ್ಲಾ ಆಫ್. ಕತ್ತಲಲ್ಲಿ ಅತ್ತೆನ ಎದೆಗೆ ಒರಗಿಸ್ಕೊಂಡು ಮೊರದಲ್ಲಿ ಗಾಳಿ ಬೀಸ್ತಾ ಕೂತಿದ್ದೆ. ನಮ್ಮನೆಯವ್ರು ಊರಲ್ಲಿರಲಿಲ್ಲ. ದೇವರ ದಯೆ, ಮುಕ್ಕಾಲು ಗಂಟೆಗೆ ಕರೆಂಟು ಬಂತು.

ಬೆಳಗ್ಗೆ ಅಂಗಡಿಯವರನ್ನ ಕರೆಸಿದ್ರೆ, ನಿಂತಲ್ಲೇ ನೋಡಿ, "ಬ್ಯಾಟರಿ ಹೋಗೈತೆ ಅಕ್ಕ, ಹೊಸದು 16 ಸಾವಿರ" ಅಂದ್ರು. ತಗೊಂಡು ಇನ್ನೂ ಮೂರು ವರ್ಷ. ಮುಚ್ಚಳ ತೆಗೆದು ನೋಡ್ಲಿಲ್ಲ, ಮೀಟರ್ ಹಿಡೀಲಿಲ್ಲ. ಹದಿನಾರು ಸಾವಿರ ಅಂದ್ರೆ ನಾವು ಮಾತಾಡ್ಕೊಂಡು ಕೊಡೋ ದುಡ್ಡು. ನಾಳೆ ಹೇಳ್ತೀನಿ ಅಂದೆ.

ನಮ್ಮ ತಂಗಿ ಮಗ ಐಟಿಐ ಎಲೆಕ್ಟ್ರಿಷಿಯನ್ ಓದಿ ಮಾಲೂರು ಕಡೆ ಫ್ಯಾಕ್ಟರೀಲಿ ಇದ್ದಾನೆ. ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅವನು ಮೊದ್ಲು ಕೇಳಿದ್ದು, "ದೊಡ್ಡಮ್ಮ, ಕೈಯಲ್ಲಿ ಚಿನ್ನದ ಬಳೆ ಐತಾ?" ನಾನು ನಗಾಡ್ದೆ. ಅವನು ನಗಲಿಲ್ಲ. ಬ್ಯಾಟರಿದು 12 ವೋಲ್ಟೇ, ಮುಟ್ಟಿದ್ರೆ ಶಾಕ್ ಹೊಡಿಯಲ್ಲ, ಆದ್ರೆ ಬಳೆನೋ ಸ್ಪ್ಯಾನರೋ ಎರಡು ತುದಿಗೂ ಒಟ್ಟಿಗೆ ತಾಗಿದ್ರೆ ನೂರಾರು ಆಂಪಿಯರ್ ಕರೆಂಟು ಅದರಲ್ಲೇ ಹರಿದು, ಕೆಂಡ ಆಗಿ ಕೈ ಸುಟ್ಟೋಗುತ್ತಂತೆ. ಚಿನ್ನದ್ದೆಲ್ಲ ಬಿಚ್ಚಿಟ್ಟೆ. ಗಾಜಿನ ಬಳೇಲಿ ಕರೆಂಟು ಹರಿಯಲ್ಲ, ಅವು ಇರ್ಲಿ ಅಂದ. ಮಾಂಗಲ್ಯದ ಸರ ರವಿಕೆ ಒಳಗೆ ಸಿಕ್ಕಿಸ್ಕೊಂಡೆ. ಸ್ಪ್ಯಾನರಿಗೆ ಬಾಯಿ ಬಿಟ್ಟು ಉಳಿದ ಕಡೆಯೆಲ್ಲ ಟೇಪು ಸುತ್ತಿಸ್ದ.

ಈ ಯುಪಿಎಸ್ ಏನ್ಮಾಡುತ್ತೆ ಅಂತ ಅವತ್ತೇ ನನಗೂ ಸರಿಯಾಗಿ ಗೊತ್ತಾಗಿದ್ದು. ಕರೆಂಟು ಇದ್ದಾಗ 230 ವೋಲ್ಟನ್ನ ಇಳಿಸಿ ಬ್ಯಾಟರಿಗೆ ತುಂಬುತ್ತೆ. ಹೋದಾಗ ಬ್ಯಾಟರಿಯ 12 ವೋಲ್ಟನ್ನ 230ಕ್ಕೆ ಏರಿಸಿ ಮನೆಗೆ ಕೊಡುತ್ತೆ. ಅಮೆರಿಕಾದಲ್ಲಿರೋ ನಮ್ಮ ನಾದಿನಿ ಮಗಳು ಒಂದ್ಸಲ ಮನೆ ಥರದ ವ್ಯಾನು ಬಾಡಿಗೆಗೆ ತಗೊಂಡು ಊರು ಸುತ್ತಿದ್ಲು. ಅದರಲ್ಲಿ ಇಳಿಸಿ ತುಂಬೋ ಡಬ್ಬ ಬೇರೆ, ಏರಿಸೋದು ಬೇರೆ ಇತ್ತಂತೆ. ನಮ್ಮ ಡಬ್ಬ ಎರಡೂ ಮಾಡುತ್ತೆ. ಎರಡು ಕಡೆನೂ ಕರೆಂಟು ಓಡಾಡೋದು ಬ್ಯಾಟರಿ ಮೇಲಿನ ಎರಡು ಸೀಸದ ಗುಬ್ಬಿಯ ಮೂಲಕ. ಯುಪಿಎಸ್ ಡಬ್ಬ ಮಾತ್ರ ಬಿಚ್ಚಬಾರ್ದು ಅಂದ, ಒಳಗೆ 230 ವೋಲ್ಟು ಇರುತ್ತೆ.

ಮೀಟರನ್ನ ಪಕ್ಕದ ಬೀದಿ ಎಲೆಕ್ಟ್ರಿಷಿಯನ್ ಹುಡುಗನ ಹತ್ರ ಇಸ್ಕೊಂಡೆ. ಡಿಸಿಗೆ ತಿರುಗಿಸಿ ಹಿಡಿದ್ರೆ 12.6 ತೋರಿಸ್ತು. ಸುಮ್ನಿರೋ ಬ್ಯಾಟರಿಗೆ ಅದು ತುಂಬಿದ ಲೆಕ್ಕ. ಆಮೇಲೆ ಮೇನ್ ಆಫ್ ಮಾಡಿ, ಮೂರು ಫ್ಯಾನು ಹಾಕಿ ಮತ್ತೆ ನೋಡು ಅಂದ. ಮೀಟರಿನ ಎರಡು ಕಡ್ಡೀನೂ ಸೀಸದ ಗುಬ್ಬಿ ಮೇಲೇ ಇಟ್ರೆ 12.1. ಕೆಂಪು ಕಡ್ಡೀನ ಆ ಗುಬ್ಬಿಗೆ ಬಿಗಿದಿರೋ ವೈರಿನ ತಾಮ್ರದ ತುದಿಗೆ ಇಟ್ರೆ 10.7! ಬೆರಳಗಲದ ಜಾಗದಲ್ಲಿ 1.4 ವೋಲ್ಟು ಎಲ್ಲಿಗೆ ಹೋಯ್ತು? ಹತ್ರ ಕೈ ಹಿಡಿದ್ರೆ ಬಿಸಿ. ಅಲ್ಲೇ ಸೋರಿ ಶಾಖ ಆಗ್ತಿತ್ತು. ಹತ್ತೂವರೆ ಹತ್ರ ಇಳಿದ್ರೆ ಯುಪಿಎಸ್ ತಾನೇ ಆಫ್ ಆಗೋದು. ನೆಬ್ಯುಲೈಸರ್ ಜತೆಗೆ ಸೇರ್ಕೊಂಡಾಗ ಆಗಿದ್ದೂ ಇದೇ. ಗುಬ್ಬಿ ಮೇಲೇ ಅಷ್ಟು ಇಳಿದಿದ್ರೆ ಬ್ಯಾಟರಿನೇ ಹೋಗೈತೆ, ಅಂಗಡಿಯವ್ರು ಹೇಳಿದ್ದು ಸರಿ ಅನ್ನಬಹುದಿತ್ತು.

ಅಲ್ಲಿ ನೋಡಿದ್ರೆ ಬಿಳಿ, ನೀಲಿ-ಹಸಿರು ಪುಡಿ ಹೂವಿನ ಥರ ಹಬ್ಬಿತ್ತು, ಬೋಲ್ಟೂ ಸಡಿಲ. ತಪ್ಪು ನಂದೇ. ನಾನು ಬ್ಯಾಟರಿ ನೀರನ್ನ ಗಡಿಗೆ ತುಂಬಿಸಿದ ಹಂಗೆ ಬಾಯಿವರೆಗೂ ಹಾಕ್ತಿದ್ದೆ. ಚಾರ್ಜ್ ಆಗುವಾಗ ಒಳಗಿನ ಆಸಿಡ್ಡು ಉಬ್ಬಿ, ಗುಳ್ಳೆ ಬಂದು, ಮುಚ್ಚಳದಿಂದ ಉಕ್ಕಿ ಗುಬ್ಬಿ ಮೇಲೆ ಇಳಿಯುತ್ತೆ. ಅದನ್ನ ಹಳೇ ಕಾಟನ್ ಸೀರೆ ತುಂಡಲ್ಲಿ ಒರಸಿ, ಒಗೆದ ಮೇಲೆ ಬಟ್ಟೆಯೆಲ್ಲ ತೂತು ಬಿದ್ದಾಗ, ಇಲಿ ಕಡಿದಿರಬೇಕು ಅಂದ್ಕೊಂಡಿದ್ದೆ ನೋಡಿ! ಇನ್ನೊಂದು ವಿಷಯ. ಹಾಕೋದು ಡಿಸ್ಟಿಲ್ಡ್ ವಾಟರೇ ಆಗಿರ್ಬೇಕು. ನಮ್ಮ ಬೋರ್ ನೀರು ಪಾತ್ರೇಲಿ ಹೆಂಗೆ ಬಿಳಿ ಪದರ ಕಟ್ಟುತ್ತೆ ಅಂತ ನೀವೇ ದಿನಾ ನೋಡ್ತೀರಲ್ಲ.

ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಮೊದ್ಲು ಕಪ್ಪು ವೈರು ಬಿಚ್ಚಿ, ಆಮೇಲೆ ಕೆಂಪು. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಹಲ್ಲುಜ್ಜೋ ಬ್ರಷ್ ಅದ್ದಿ ಉಜ್ಜಿದೆ. ಬುಸ್ ಅಂತ ನೊರೆ ಬಂತು. ಸೋಡಾ ನೀರು ಬ್ಯಾಟರಿ ಒಳಗೆ ಹೋಗದಂಗೆ ಮುಚ್ಚಳ ಬಿಗಿ ಮಾಡಿದ್ದೆ, ಕೈಗೆ ರಬ್ಬರ್ ಗ್ಲೌಸು. ಒಣಗಿಸಿ, ಕೆಂಪು ಮೊದಲು, ಕಪ್ಪು ಆಮೇಲೆ ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಮತ್ತೆ ಮೂರು ಫ್ಯಾನು ಹಾಕಿ ಅಳೆದ್ರೆ, ಗುಬ್ಬಿ ಮೇಲೂ ವೈರಿನ ತುದಿಗೂ ಹೆಚ್ಚುಕಮ್ಮಿ ಒಂದೇ ಲೆಕ್ಕ. ಸೋಡಾ ಎರಡು ಚಮಚ, ವ್ಯಾಸಲೀನು ಮನೇಲೇ ಇತ್ತು.

ಎದುರುಮನೆಯವ್ರು ಬ್ಯಾಟರಿನ ದೇವರ ಗೂಡಿನ ಕೆಳಗೆ ಇಟ್ಟವ್ರೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತೆ, ಬೆಂಕಿ ತಾಗಿದ್ರೆ ಸಿಡಿಯೋ ಗಾಳಿ ಅದು. ಮೇಲೆ ದೀಪ! ಹೇಳ್ದೆ, ತೆಗೀತೀವಿ ಅಂದವ್ರೆ, ಇನ್ನೂ ತೆಗೆದಿಲ್ಲ. ಇದನ್ನ ಓದ್ತಾರೆ ಅಂತ ಬರೆದಿದ್ದೀನಿ.

ಆಮೇಲೆ ಒಂದಿನ ಕರೆಂಟು ಹೋದಾಗ ಎರಡು ಫ್ಯಾನು, ಎರಡು ಬಲ್ಬು ನಾಲ್ಕು ಗಂಟೆ ಹತ್ರ ಎಳೀತು. ಅತ್ತೆ ರೂಮಿನ ಪಾಯಿಂಟಿಗೆ ನೆಬ್ಯುಲೈಸರ್ ಬಿಟ್ಟು ಬೇರೆ ಏನೂ ಹಾಕಬಾರ್ದು ಅಂತ ಚೀಟಿ ಅಂಟಿಸಿದ್ದೀನಿ. ಅಮಾವಾಸ್ಯೆ ಬಂದ್ರೆ ನೀರಿನ ಗುರುತು ನೋಡ್ತೀನಿ, ಕಡಿಮೆ ಇದ್ರೆ ಗುರುತಿನವರೆಗೆ ಮಾತ್ರ ಹಾಕ್ತೀನಿ. ಹೋದ ಅಮಾವಾಸ್ಯೆ ಶುಕ್ರವಾರ ಬಿದ್ದಿತ್ತು. ಚಿನ್ನದ ಬಳೆ ಬಿಚ್ಚಿ ಕೂತಿದ್ದೆ. ಅತ್ತೆ ಒಳಗಿಂದ್ಲೇ, "ಶುಕ್ರವಾರ ಕೈ ಬೋಳು ಮಾಡ್ಕೊಂಡು ಅದೇನ್ ಮಾಡ್ತಿದ್ದೀಯೇ?" ಅಂದ್ರು. ಗಾಜಿನ ಬಳೆ ಅಲ್ಲಾಡಿಸಿ ಸದ್ದು ಮಾಡಿ ತೋರಿಸ್ದೆ. ಸರಿ ಅಂತ ಮಗ್ಗುಲಾದ್ರು.