ಕಾಂದಿಯೋಲೋದ ಇಲಿಗಳು

ಇಟಲಿಯ ಟ್ಯೂರಿನ್ ನಗರವನ್ನು ಬಿಟ್ಟು ನೈಋತ್ಯಕ್ಕೆ ಹೊರಟವರಿಗೆ ಮೊದಲು ಎದುರಾಗುವುದು ಸ್ತುಪಿನಿಜಿ ಅರಮನೆ. ಸವಾಯ್ ರಾಜವಂಶದವರು ಬೇಟೆಯ ವಿಹಾರಕ್ಕೆಂದು 1729ರಲ್ಲಿ ಕಟ್ಟಿಸಲಾರಂಭಿಸಿದ ಭವನವಿದು. ವಾಸ್ತುಶಿಲ್ಪಿ ಫಿಲಿಪ್ಪೊ ಯುವಾರ್ರ. ಗುಮ್ಮಟದ ನೆತ್ತಿಯ ಮೇಲೆ ಕಂಚಿನ ಸಾರಂಗವೊಂದು ನಿಂತಿದೆ. ತನ್ನ ಕುಲವನ್ನು ಬೇಟೆಯಾಡಿದವರ ಮನೆಗೆ ಅದೇ ಕಿರೀಟ! ನಮ್ಮಂಥ ಪ್ರವಾಸಿಗಳು ಸಾಮಾನ್ಯವಾಗಿ ಇಲ್ಲಿಂದಲೇ ಹಿಂದಿರುಗುತ್ತಾರೆ.

ಅದೇ ಮಾರ್ಗದಲ್ಲಿ ಇನ್ನೂ ಸ್ವಲ್ಪ ದೂರ ಹೋದರೆ ಕಾಂದಿಯೋಲೋ. ಸುತ್ತಲೂ ಹೊಲಗಳು, ಬಾನು ತಿಳಿಯಾಗಿದ್ದರೆ ಪಶ್ಚಿಮದಲ್ಲಿ ಆಲ್ಪ್ಸ್ ಪರ್ವತದ ಹಿಮಶಿಖರಗಳು. ಈ ಬಯಲಿನಲ್ಲಿ ಕ್ಯಾನ್ಸರ್ ಸಂಶೋಧನಾಲಯವೂ ಆಸ್ಪತ್ರೆಯೂ ಒಂದೇ ಆವರಣದಲ್ಲಿವೆ. ಅವುಗಳನ್ನು ಕಟ್ಟಲು 1986ರಲ್ಲಿ ಸ್ಥಾಪಿತವಾದ ಪ್ರತಿಷ್ಠಾನಕ್ಕೆ ಜನರ ದಾನವೇ ಆಧಾರ.

ಇಲ್ಲಿಯೂ ಪ್ರಾಣಿಗಳು ಬಲಿಯಾಗುತ್ತವೆ, ವಿನೋದಕ್ಕಲ್ಲ. ದೊಡ್ಡ ಕರುಳಿನ ಕ್ಯಾನ್ಸರ್ ಯಕೃತ್ತಿಗೆ ಹರಡಿದಾಗ ಶಸ್ತ್ರವೈದ್ಯರು ಆ ಗಡ್ಡೆಯನ್ನು ಕೊಯ್ದು ತೆಗೆಯುವುದುಂಟು. ರೋಗಿಯ ಒಪ್ಪಿಗೆ ಪಡೆದು, ಅದರ ಚೂರನ್ನು ರೋಗನಿರೋಧಕ ಶಕ್ತಿಯಿಲ್ಲದ ಚಿಟ್ಟಿಲಿಯ ಚರ್ಮದಡಿ ಇಡುತ್ತಾರೆ. ಪರಕೀಯವೆಂದು ತಳ್ಳಿಹಾಕುವ ಬಲ ಆ ಬಡಪ್ರಾಣಿಗೆ ಇಲ್ಲವಾದ್ದರಿಂದ ಗಡ್ಡೆ ಅಲ್ಲಿ ಬೆಳೆಯುತ್ತದೆ. ಬೆಳೆದುದನ್ನು ಹಂಚಿ ಮತ್ತಷ್ಟು ಇಲಿಗಳಿಗೆ ನಾಟಿ ಮಾಡಿದರೆ, ಒಬ್ಬ ರೋಗಿಯ ಮೇಲೆ ಎಂದಿಗೂ ನಡೆಸಲಾಗದ ಪರೀಕ್ಷೆ ಸಾಧ್ಯವಾಗುತ್ತದೆ: ಒಂದಕ್ಕೆ ಒಂದು ಔಷಧ, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಏನೂ ಇಲ್ಲ. ಗಣಪತಿಯನ್ನು ಹೊತ್ತ ಮೂಷಿಕಕ್ಕೆ ಇಲ್ಲಿ ಮನುಷ್ಯನ ವ್ಯಾಧಿಯನ್ನೇ ಹೊರುವ ಪಾಲು ಬಂದಿದೆ.

ಆಂಡ್ರಿಯಾ ಬೆರ್ತೊತ್ತಿ, ಲಿವಿಯೊ ತ್ರುಸೊಲಿನೊ ಮತ್ತು ಸಂಗಡಿಗರು 85 ರೋಗಿಗಳ ಗಡ್ಡೆಗಳನ್ನು ಹೀಗೆ ಬೆಳೆಸಿ, 2011ರಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ಸೆಟುಕ್ಸಿಮ್ಯಾಬ್ ಔಷಧಕ್ಕೆ ಜಗ್ಗದ ಕೆಲವು ಗಡ್ಡೆಗಳಲ್ಲಿ ಹೆರ್-2 ಎಂಬ ವಂಶವಾಹಿಯ ಪ್ರತಿಗಳು ಮಿತಿಮೀರಿದ್ದವು. ಸ್ತನದ ಕ್ಯಾನ್ಸರಿನಲ್ಲಿ ವೈದ್ಯರಿಗೆ ಚಿರಪರಿಚಿತವಾದ ಶತ್ರು ಕರುಳಿನಲ್ಲಿಯೂ ಅವಿತಿತ್ತು! ಅದರ ವಿರುದ್ಧ ಒಂಟಿಯಾಗಿ ಸೋತ ಔಷಧಗಳನ್ನು ಜೋಡಿಯಾಗಿ ಕೊಟ್ಟಾಗ ಇಲಿಗಳ ಗಡ್ಡೆ ಕುಗ್ಗಿತು.

ಇಲಿಗೆ ಒಗ್ಗಿದ್ದು ಮನುಷ್ಯನಿಗೂ ಒಗ್ಗೀತೆ? ಈ ಸಂಶಯ ನ್ಯಾಯವಾದುದೇ. ಇಟಲಿಯ ನಾಲ್ಕು ಆಸ್ಪತ್ರೆಗಳಲ್ಲಿ, ಕರುಳಿನ ಕ್ಯಾನ್ಸರ್ ಹರಡಿದ್ದ 914 ರೋಗಿಗಳನ್ನು ಪರೀಕ್ಷಿಸಿದಾಗ ಈ ಲಕ್ಷಣ ಕಂಡದ್ದು 48 ಮಂದಿಯಲ್ಲಿ. ರೂಢಿಯ ಚಿಕಿತ್ಸೆಗಳು ಕೈಕೊಟ್ಟಿದ್ದ 27 ಮಂದಿಗೆ ಟ್ರಾಸ್ಟುಜುಮ್ಯಾಬ್ ಮತ್ತು ಲಪಾಟಿನಿಬ್ ಔಷಧಗಳನ್ನು ಕೂಡಿಸಿ ಕೊಟ್ಟರು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎಂಟು ಮಂದಿಗೆ ಗುಣ ಕಂಡಿತು. ಅವರಲ್ಲಿ ಒಬ್ಬರ ಗಡ್ಡೆ ಪೂರ್ಣವಾಗಿ ಕಣ್ಮರೆಯಾಯಿತು.

ಇಲಿಯ ಮೈಯಲ್ಲಿ ಗಡ್ಡೆ ಬೆಳೆದು, ಹಂಚಿ, ಔಷಧ ಪರೀಕ್ಷಿಸುವ ಹೊತ್ತಿಗೆ ತಿಂಗಳುಗಳೇ ಉರುಳುತ್ತವೆ. ಚೂರು ಕೊಟ್ಟ ರೋಗಿಗೆ ಅಷ್ಟು ಕಾಲಾವಕಾಶ ಎಷ್ಟೋ ವೇಳೆ ಇರುವುದಿಲ್ಲ. ತಿಳಿದೂ ಕೊಡುತ್ತಾರೆ, ತಾವೆಂದೂ ಕಾಣದ ಇನ್ನೊಬ್ಬರಿಗಾಗಿ.