ಹೊಲ ಯಾರದು, ಹೆಸರು ಯಾರದು?

ಇಂದು ಬಾಗಲಕೋಟೆ ಜಿಲ್ಲೆಯೊಂದರಲ್ಲಿಯೇ ಅಡಗಿರುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳು 1948ಕ್ಕೆ ಮೊದಲು ನಾಲ್ಕು ಬೇರೆ ಬೇರೆ ಆಳ್ವಿಕೆಗಳಿಗೆ ಹಂಚಿಹೋಗಿದ್ದವು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ನಾವು ಒಂದೇ ಉಸಿರಿನಲ್ಲಿ ಹೇಳುವ ಜೋಡಿ ಊರುಗಳಲ್ಲಿಯೂ ಬನಹಟ್ಟಿ ಜಮಖಂಡಿಗೆ ಸೇರಿದ್ದರೆ ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಮಗ್ಗದ ಸಪ್ಪಳ ಒಂದೇ; ಕಚೇರಿ ಬೇರೆ, ಅರಸು ಬೇರೆ.

ಇಂಥ ಸೀಮೆಯಲ್ಲಿ ವಕೀಲಿಗೆ ತೊಡಗಿದವರು ಬಸಪ್ಪ ದಾನಪ್ಪ ಜತ್ತಿಯವರು. 1912ರಲ್ಲಿ ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ ಜನಿಸಿದ ಅವರು ಕೊಲ್ಹಾಪುರದಲ್ಲಿ ಕಾನೂನು ಓದಿ ಮರಳಿ ಬಂದರು. ವಕೀಲಿ ನಡೆದದ್ದು ಸ್ವಲ್ಪ ಕಾಲ ಮಾತ್ರ. ಪುರಸಭೆ ಅವರನ್ನು ಕರೆಯಿತು, ಅನಂತರ ಸಂಸ್ಥಾನದ ಶಾಸನಸಭೆ, ಮಂತ್ರಿಪದವಿ, ಕೊನೆಗೆ ಮುಖ್ಯಮಂತ್ರಿಯ ಸ್ಥಾನ. 1948ರ ಮಾರ್ಚ್ 8ರಂದು ಜಮಖಂಡಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಸಂಸ್ಥಾನವೂ ಇಲ್ಲ, ಅಧಿಕಾರವೂ ಇಲ್ಲ! ಮುಖ್ಯಮಂತ್ರಿಯಾಗಿದ್ದವರು ಮತ್ತೆ ಕಪ್ಪು ಕೋಟು ತೊಟ್ಟು ಇಪ್ಪತ್ತು ತಿಂಗಳು ಕಕ್ಷಿದಾರರ ಕಾಗದಪತ್ರ ನೋಡಿದರು.

ಆಮೇಲೆ ಮುಂಬಯಿ ಶಾಸನಸಭೆ. 1956ರಲ್ಲಿ ಕನ್ನಡ ನಾಡು ಒಂದಾದಾಗ, ಚಿಕ್ಕ ಸೀಮೆಯ ತೊಡಕೇ ದೊಡ್ಡ ರೂಪದಲ್ಲಿ ಅವರಿಗೆ ಎದುರಾಯಿತು. ಹಳೆಯ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು—ಐದು ಕಡೆಯಿಂದ ಬಂದ ಭಾಗಗಳಲ್ಲಿ ಗೇಣಿಯ ಕಾಯಿದೆ ಒಂದೇ ತೆರನಾಗಿರಲಿಲ್ಲ. ಇವನ್ನೆಲ್ಲ ಒಂದು ಸೂತ್ರಕ್ಕೆ ತರುವ ದಾರಿ ಹುಡುಕಲು 1957ರಲ್ಲಿ ನೇಮಕವಾದ ಸಮಿತಿಗೆ ಜತ್ತಿಯವರೇ ಅಧ್ಯಕ್ಷರು. 1958ರಲ್ಲಿ ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ಅವರ ಕಾಲದಲ್ಲಿಯೇ 1961ರ ಭೂಸುಧಾರಣಾ ಕಾಯಿದೆ ರೂಪುಗೊಂಡಿತು.

ಕಾಯಿದೆಯೇನೋ ಆಯಿತು. ಆದರೆ ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಸ್ವಂತ ಸಾಗುವಳಿಗೆಂದು ಒಡೆಯನು ಹೊಲವನ್ನು ಮರಳಿ ಪಡೆಯಲು ಅದರಲ್ಲಿ ಅವಕಾಶವೂ ಇತ್ತು. ತಲಾಠಿಯ ಪುಸ್ತಕದಲ್ಲಿ ಯಾವ ಕುಳದ ಹೆಸರು ಏರಿರಲಿಲ್ಲವೋ ಅವನು ಎಷ್ಟು ವರ್ಷ ಉತ್ತಿದ್ದರೇನು? ಬೆವರಿಗೆ ಸಾಕ್ಷಿ ಹೇಳುವ ಕಾಗದ ಅವನಲ್ಲಿರಲಿಲ್ಲ. ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿ ಭೂಮಿಯನ್ನು ಸರಕಾರದ ವಶಕ್ಕೆ ತಂದು, ಭೂನ್ಯಾಯಮಂಡಳಿಗಳ ಮೂಲಕ ಉಳುವವನಿಗೆ ಕೊಡಲು ತೊಡಗಿದ ಮೇಲೆಯೇ ಅನೇಕರಿಗೆ ಹೊಲ ದಕ್ಕಿತು.

ಜತ್ತಿಯವರು ಅಷ್ಟರಲ್ಲಿ ರಾಜ್ಯದಿಂದಾಚೆ ಹೋಗಿದ್ದರು. 1974ರಲ್ಲಿ ಉಪರಾಷ್ಟ್ರಪತಿಯಾದರು. 1977ರ ಫೆಬ್ರುವರಿ 11ರಿಂದ ಜುಲೈ 25ರವರೆಗೆ, ಹಂಗಾಮಿ ರಾಷ್ಟ್ರಪತಿಯಾಗಿ, ದೇಶದ ಅತ್ಯುನ್ನತ ರುಜು ಅವರ ಕೈಯಲ್ಲಿತ್ತು. ಬಡ ಒಕ್ಕಲಿಗನ ಬಾಳಿಗೆ ಮಾತ್ರ ಅದಕ್ಕಿಂತ ದೊಡ್ಡದು ತಲಾಠಿಯ ರುಜು. 2002ರ ಜೂನ್ 7ರಂದು ಅವರು ತೀರಿಕೊಂಡರು.

ಅದೇ ಹೊತ್ತಿಗೆ ತಲಾಠಿಯ ಪುಸ್ತಕವೂ ತನ್ನ ಕಾಲ ಮುಗಿಸುತ್ತಲಿತ್ತು. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಉತಾರಗಳು ಕಂಪ್ಯೂಟರಿಗೆ ಏರಿದವು. ಹದಿನೈದು ರೂಪಾಯಿಗೆ ತಾಲೂಕು ಕಚೇರಿಯಲ್ಲಿ ಉತಾರ ಕೈಗೆ ಬರುವಂತಾಯಿತು. ಕಾಗದ ತಿದ್ದಿ ಮೋಸ ಮಾಡುವುದು ಕಷ್ಟವಾಯಿತು. ಇದು ಸಣ್ಣ ಉಪಕಾರವಲ್ಲ. ಆದರೆ ಯಂತ್ರಕ್ಕೆ ಹೊಲ ಕಾಣುವುದಿಲ್ಲ, ಬರಹ ಮಾತ್ರ ಕಾಣುತ್ತದೆ. ಪುಸ್ತಕದಲ್ಲಿದ್ದ ತಪ್ಪು ಅಲ್ಲಿಯೂ ತಪ್ಪಾಗಿಯೇ ಕುಳಿತಿತು. ಬಾಯಿಮಾತಿನ ಲಾವಣಿಯ ಮೇಲೆ ಪರರ ಹೊಲ ಮಾಡುವವನ ಹೆಸರು ಆಗಲೂ ಬರೆದಿರಲಿಲ್ಲ, ಈಗಲೂ ಬರೆದಿಲ್ಲ. ಬೆಳೆಸಾಲವೂ ಬೆಳೆನಷ್ಟದ ಪರಿಹಾರವೂ ಹೆಸರಿದ್ದವನ ಮನೆಗೇ ನಡೆಯುತ್ತವೆ.

ಕಾಯಿದೆಗಳನ್ನು ಒಂದುಗೂಡಿಸುವ ಕೆಲಸವನ್ನು ಸಾವಳಗಿಯ ವಕೀಲರು ಕೈಗೆತ್ತಿಕೊಂಡರು; ಉತಾರಗಳನ್ನು ಒಂದುಗೂಡಿಸುವ ಕೆಲಸವನ್ನು ಕಂಪ್ಯೂಟರು ಮಾಡಿತು. ಹೊಲದ ಬದುವಿಗೆ ಹೋಗಿ ‘ಉಳುತ್ತಿರುವವರು ಯಾರು?’ ಎಂದು ಕೇಳುವ ಕೆಲಸ ಮನುಷ್ಯನ ಪಾಲಿಗೇ ಉಳಿದಿದೆ.