ಚಪಡನ ಕೈಗೆ ಶೇಂಗಾ ಕೊಟ್ಟ ಕಥೆ

ಪ್ರಾಚೀನ ಈಜಿಪ್ಟಿನ ಪಾಠ ಮಾಡುವಾಗ ಮಕ್ಕಳ ಗಮನ ಎಲ್ಲಿರುತ್ತದೆ ಎಂಬುದನ್ನು ನೀವೂ ನೋಡಿರಬಹುದು. ನೈಲ್ ನದಿ, ಫೇರೋ, ಪಿರಮಿಡ್, ಮಮ್ಮಿ – ಈ ನಾಲ್ಕು ಪದ ಬಾಯಿಪಾಠವಾಗುತ್ತವೆ. ಪರೀಕ್ಷೆ ಮುಗಿದ ಮೇಲೆ ಮರೆತೂ ಹೋಗುತ್ತವೆ.

ನಾನು ರಸಾಯನಶಾಸ್ತ್ರ ಓದಿದವಳು. ಚಳ್ಳಕೆರೆ ತಾಲ್ಲೂಕಿನ ಶಾಲೆಯೊಂದಕ್ಕೆ ಪ್ರಯೋಗ ತೋರಿಸಲು ಹೋಗಿದ್ದಾಗ ಸಮಾಜ ವಿಜ್ಞಾನದ ಮೇಷ್ಟ್ರು, "ಮೇಡಂ, ಮಮ್ಮಿ ಕೆಡದೆ ಉಳಿಯೋದು ಹೇಗೆ ಅಂತ ನೀವೇ ಹೇಳಿಬಿಡಿ" ಎಂದರು. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟೆ. ಸ್ವಲ್ಪ ಹೊತ್ತಿನಲ್ಲೇ ಹೋಳು ನೀರು ಬಿಟ್ಟಿತು. ಈಜಿಪ್ಟಿನವರು ಸೋಡಾ ಮತ್ತು ಉಪ್ಪು ಬೆರೆತ ನೇಟ್ರಾನ್ ಎಂಬ ಖನಿಜದಲ್ಲಿ ದೇಹವನ್ನು ಹೂತಿಡುತ್ತಿದ್ದರು. ಅದು ನೀರನ್ನೆಲ್ಲ ಹೀರಿಕೊಳ್ಳುತ್ತಿತ್ತು. ನೀರಿಲ್ಲದ ಕಡೆ ಕೊಳೆಸುವ ಜೀವಾಣುಗಳು ಬೆಳೆಯಲಾರವು. ಇಷ್ಟು ಹೇಳಿ, ಪಿರಮಿಡ್ಡಿಗೆ ಕಲ್ಲು ಎಳೆಯುವವರಿಗೆ ನೀರು ಹೊರುವ ಹುಡುಗನೊಬ್ಬನ ಕಥೆಯನ್ನೂ ಕಟ್ಟಿ ಹೇಳಿದೆ. ತರಗತಿ ಗಪ್‌ಚಿಪ್! ಕೊನೆಗೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ.

"ಮಿಸ್, ಆಗ ನಮ್ಮ ಕಡೆ ಯಾರಿದ್ರು?"

ಒಳ್ಳೆಯ ಪ್ರಶ್ನೆ. ಉತ್ತರ ಹುಡುಕಲು ಈಜಿಪ್ಟಿಗೆ ಹೋಗಬೇಕಾಗಿರಲಿಲ್ಲ. ಪಕ್ಕದ ಮೊಳಕಾಲ್ಮುರು ತಾಲ್ಲೂಕಿನಲ್ಲೇ ಬ್ರಹ್ಮಗಿರಿ ಇದೆ. ಅಲ್ಲಿ, ಸಿದ್ದಾಪುರದಲ್ಲಿ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಪತ್ತೆ ಮಾಡಿದರು. ಬ್ರಹ್ಮಗಿರಿಯ ಬಂಡೆಗೆ ಜನ ಅಕ್ಷರಗುಂಡು ಎಂದೇ ಹೆಸರಿಟ್ಟಿದ್ದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ ಅದರಲ್ಲಿದೆ. ಕೊನೆಯಲ್ಲಿ ಅದನ್ನು ಬರೆದವನ ಹೆಸರೂ ಇದೆ: ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದ್ದರೆ, 'ಲಿಪಿಕಾರ' ಎಂಬ ಅರ್ಥದ ಒಂದು ಪದವನ್ನು ಮಾತ್ರ ಅವನು ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಬಳಕೆಯಲ್ಲಿದ್ದದ್ದು ದೂರದ ವಾಯವ್ಯ ದಿಕ್ಕಿನಲ್ಲಿ, ಇಂದಿನ ಪಾಕಿಸ್ತಾನದ ಭಾಗದಲ್ಲಿ.

ಕಥೆಗೆ ಇದಕ್ಕಿಂತ ಇನ್ನೇನು ಬೇಕು? ಮುಂದಿನ ತಿಂಗಳು ಮೊಳಕಾಲ್ಮುರು ತಾಲ್ಲೂಕಿನ ಒಂದು ಶಾಲೆಯಲ್ಲಿ ಏಳನೇ ತರಗತಿಗೆ ಚಪಡನ ಕಥೆ ಹೇಳಿದೆ. ಊರು ಬಿಟ್ಟು ಬಂದವನು, ಇಲ್ಲಿಯ ಮಾತು ಬಾರದವನು. ಬಿಸಿಲಿನಲ್ಲಿ ಬಂಡೆಯ ಮುಂದೆ ಕೂತವನಿಗೆ ತಿಪ್ಪಿ ಎಂಬ ಹುಡುಗಿ ದಿನಾ ನೀರು, ಹುರಿದ ಶೇಂಗಾ ತಂದು ಕೊಡುತ್ತಾಳೆ. ಕೆಲಸ ಮುಗಿದ ದಿನ ಅವನು ಬಂಡೆಯ ಮೂಲೆಯಲ್ಲಿ ಅವಳ ಹೆಸರನ್ನೂ ಕೆತ್ತುತ್ತಾನೆ. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೂ ಹೆಮ್ಮೆಯಾಯಿತು.

ಎರಡು ವಾರದ ನಂತರ ಆ ಮಕ್ಕಳನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋದೆವು. ಎಲ್ಲರೂ ಶಾಸನ ನೋಡಿ ಹೊರಟರು. ಒಬ್ಬಳು ಹುಡುಗಿ ಮಾತ್ರ ಬಂಡೆಯ ಸುತ್ತ ಬಗ್ಗಿ ಬಗ್ಗಿ ನೋಡುತ್ತಿದ್ದಳು. "ಏನಮ್ಮ ಹುಡುಕ್ತಿದ್ದೀಯ?" ಎಂದೆ. "ತಿಪ್ಪಿ ಹೆಸರು ಮಿಸ್. ಯಾವ ಮೂಲೇಲಿದೆ?" ಎಂದಳು. ಜೊತೆಯ ಹುಡುಗರು ಹೋ ಎಂದು ನಕ್ಕರು. "ಅದು ಕಥೆ ಕಣಮ್ಮ, ನಾನೇ ಕಟ್ಟಿದ್ದು" ಎಂದೆ. ಅವಳ ಕಣ್ಣಲ್ಲಿ ನೀರು ಬಂತು. "ಚಪಡ ನಿಜ ಅಂದ್ರಲ್ಲ. ಮತ್ತೆ ತಿಪ್ಪಿ ಹೆಂಗೆ ಸುಳ್ಳು?" ಎಂದಳು. ಬಸ್ಸಿನಲ್ಲಿ ವಾಪಸು ಬರುವಾಗ ಅವಳು ನನ್ನ ಕಡೆ ತಿರುಗಿ ನೋಡಲಿಲ್ಲ.

ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಪ್ರಯೋಗಶಾಲೆಯಲ್ಲಿ ಒಂದು ಅಳತೆ ತಪ್ಪು ಬರೆದರೆ ಮಕ್ಕಳನ್ನು ಗದರುವವಳು ನಾನು. ಇಲ್ಲಿ ಕಂಡದ್ದನ್ನೂ ಕಾಣದ್ದನ್ನೂ ಒಂದೇ ದನಿಯಲ್ಲಿ ಹೇಳಿಬಿಟ್ಟಿದ್ದೆ. ನಂಬಿದ್ದು ಮಗುವಿನ ತಪ್ಪಲ್ಲ. ಆ ಶಾಸನದಲ್ಲೇ ತಂದೆತಾಯಿಯ ಸೇವೆ ಮಾಡಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯವನ್ನು ನುಡಿಯಬೇಕು ಎಂದಿದೆ. ಶಿಷ್ಯರು ಗುರುಗಳನ್ನು ಗೌರವಿಸಬೇಕು ಎಂದೂ ಇದೆ. ಮೊದಲನೆಯದನ್ನು ಮಾಡದೆ ಎರಡನೆಯದನ್ನು ನಾನು ಹೇಗೆ ಕೇಳಲಿ?

ಮುಂದಿನ ವಾರ ಮೂರು ಬಣ್ಣದ ಸೀಮೆಸುಣ್ಣ ತೆಗೆದುಕೊಂಡು ಅದೇ ತರಗತಿಗೆ ಹೋದೆ. ಮೊದಲು ಆ ಹುಡುಗಿಯ ಹತ್ತಿರ, ಎಲ್ಲರ ಎದುರು, ತಪ್ಪಾಯಿತು ಎಂದೆ. ನಂತರ ಕಥೆಯ ಒಂದೊಂದು ವಾಕ್ಯವನ್ನೂ ಹಲಗೆಯ ಮೇಲೆ ಬರೆಯಲು ಹೇಳಿದೆ. ಸಾಕ್ಷ್ಯ ಇದ್ದರೆ ಬಿಳಿ, ಸಾಕ್ಷ್ಯದಿಂದ ತರ್ಕಿಸಿದ್ದಾದರೆ ಹಳದಿ, ಬರೀ ಕಲ್ಪನೆಯಾದರೆ ಕೆಂಪು.

'ಚಪಡ ಎಂಬ ಲಿಪಿಕಾರನಿದ್ದ' – ಬಿಳಿ. 'ಅವನು ವಾಯವ್ಯದಿಂದ ಬಂದವನು' – ಇಲ್ಲಿ ಜಗಳವೇ ಆಯಿತು. ಖರೋಷ್ಠಿ ಬಲ್ಲವನು ಎಂಬುದು ಬಿಳಿ. ಆದ್ದರಿಂದ ಆ ಕಡೆಯವನೋ ಆ ಕಡೆ ಕಲಿತವನೋ ಇರಬೇಕು ಎಂಬುದು ಹಳದಿ. 'ಅವನಿಗೆ ಊರು ನೆನಪಾಗುತ್ತಿತ್ತು' – ಕೆಂಪು. 'ತಿಪ್ಪಿ' – ಕೆಂಪು. ಆಗ ಒಬ್ಬ ಹುಡುಗ ಎದ್ದ. "ಮಿಸ್, ತಿಪ್ಪೇಸ್ವಾಮಿ ನಾಯಕನಹಟ್ಟಿಗೆ ಬಂದಿದ್ದು ಅಶೋಕನ ಕಾಲದ ಮೇಲಲ್ವಾ? ಅವಳಿಗೆ ಆ ಹೆಸರು ಹೆಂಗೆ ಬಂತು?" ನಾನು ತಬ್ಬಿಬ್ಬಾದೆ. ಎಷ್ಟೋ ಶತಮಾನಗಳ ನಂತರದ ಹೆಸರನ್ನು ಅವಳಿಗೆ ಅಂಟಿಸಿದ್ದೆ!

ಇನ್ನೊಂದು ತಪ್ಪು ಹೊರಬಿದ್ದದ್ದು ಶೇಂಗಾದಿಂದ. ಬೆಳೆಗಳ ಮೂಲದ ಪಟ್ಟಿ ನೋಡುತ್ತಿದ್ದ ಮಕ್ಕಳಿಗೆ ಶೇಂಗಾ ದಕ್ಷಿಣ ಅಮೆರಿಕದ ಬೆಳೆ ಎಂಬುದು ಕಣ್ಣಿಗೆ ಬಿತ್ತು. ಯುರೋಪಿನವರು ಆ ಖಂಡಕ್ಕೆ ಹೋದದ್ದು 1492ರ ನಂತರ. ಹಾಗಾದರೆ ಅದಕ್ಕೂ ಸುಮಾರು 1,750 ವರ್ಷ ಮೊದಲು ಚಪಡನ ಕೈಗೆ ಶೇಂಗಾ ಬಂದದ್ದೆಲ್ಲಿಂದ? ಎಣ್ಣೆ ಗಿರಣಿಗಳ ಚಳ್ಳಕೆರೆಯನ್ನು ಕಂಡ ನಮಗೆ ಶೇಂಗಾ ಇಲ್ಲದ ಈ ಸೀಮೆಯನ್ನು ಊಹಿಸುವುದೂ ಕಷ್ಟ. ಮೆಣಸಿನಕಾಯಿಯ ಕಥೆಯೂ ಇದೇ. ಅಂದಿನಿಂದ ಮಕ್ಕಳು ಕಥೆಯ ಊಟದ ತಟ್ಟೆಯನ್ನೇ ಮೊದಲು ಪರೀಕ್ಷಿಸುತ್ತಾರೆ.

ಆಮೇಲೆ ಈಜಿಪ್ಟಿಗೆ ಮರಳಿದೆವು. ಆಟದ ಬಯಲಿನಲ್ಲಿ ಹಗ್ಗ ಹಾಸಿ ಒಂದು ಮೀಟರಿಗೆ ನೂರು ವರ್ಷ ಎಂದು ಲೆಕ್ಕ ಹಾಕಿದೆವು. ನಾವು ನಿಂತ ತುದಿಯಿಂದ ಸುಮಾರು 46 ಮೀಟರ್ ದೂರದಲ್ಲಿ ಖುಫುವಿನ ಮಹಾ ಪಿರಮಿಡ್. ಚಪಡ ಎಲ್ಲಿ? ಸುಮಾರು 23 ಮೀಟರಿನಲ್ಲಿ, ಸರಿಯಾಗಿ ನಡುವೆ! ನಮಗೆ ಚಪಡ ಎಷ್ಟು ಹಳಬನೋ ಚಪಡನಿಗೆ ಆ ಪಿರಮಿಡ್ ಅಷ್ಟೇ ಹಳೆಯದು. ಬ್ರಹ್ಮಗಿರಿ ಶಾಸನದಲ್ಲಿ 256 ಎಂಬ ಸಂಖ್ಯೆ ಇದೆ. ಆಗ ಸೊನ್ನೆಯ ಸ್ಥಾನಬೆಲೆ ಬಳಕೆಯಲ್ಲಿರಲಿಲ್ಲ. 200ಕ್ಕೆ, 50ಕ್ಕೆ, 6ಕ್ಕೆ ಒಂದೊಂದು ಗುರುತು, ಒಟ್ಟು ಮೂರು. ಈಜಿಪ್ಟಿನ ಚಿತ್ರಲಿಪಿಯಲ್ಲಿ ಅದೇ ಸಂಖ್ಯೆಗೆ ನೂರರ ಎರಡು ಹಗ್ಗದ ಸುರುಳಿ, ಹತ್ತರ ಐದು ಕಮಾನು, ಒಂದರ ಆರು ಗೀಟು, ಒಟ್ಟು 13. ಮಕ್ಕಳು ನೆಲದ ಮೇಲೆ ಎರಡನ್ನೂ ಬರೆದು ಎಣಿಸಿದರು.

ಕೊನೆಗೆ ಎಲ್ಲರೂ ಒಂದೊಂದು ಕಥೆ ಬರೆದರು. ನಿಯಮ ಒಂದೇ: ಕಥೆಯ ಕೆಳಗೆ ಬಿಳಿ, ಹಳದಿ, ಕೆಂಪು ಯಾವುದೆಂದು ಪಟ್ಟಿ ಮಾಡಬೇಕು. ಅಂದು ಅತ್ತ ಹುಡುಗಿಯ ತಂದೆ ಮೊಳಕಾಲ್ಮುರು ಸೀರೆಯ ನೇಕಾರರು. ಅವಳು ಪುಸ್ತಕ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

"ಮಿಸ್, ನಮ್ಮಪ್ಪ ನೇಯ್ದ ಸೀರೆ ಮೇಲೆ ನಮ್ಮಪ್ಪನ ಹೆಸರಿರಲ್ಲ. ಹಂಗಂತ ನಮ್ಮಪ್ಪ ಇಲ್ಲ ಅಂತಲಾ? ಬಂಡೆ ಮೇಲೆ ಹೆಸರಿಲ್ಲ ಅಂದ್ರೆ ನೀರು ತಂದುಕೊಟ್ಟೋರು ಯಾರೂ ಇರಲೇ ಇಲ್ಲ ಅಂತಲಾ?"

ಎಂ.ಎಸ್ಸಿ.ಯಲ್ಲಿ ನನಗೆ ಯಾರೂ ಇಷ್ಟು ಸರಳವಾಗಿ ಇದನ್ನು ಕೇಳಿರಲಿಲ್ಲ. ಸಾಕ್ಷ್ಯ ಸಿಗದಿರುವುದು ಬೇರೆ, ಇರಲೇ ಇಲ್ಲ ಎನ್ನುವುದು ಬೇರೆ. ಅವಳಿಗೆ 1947ರ ಉತ್ಖನನದ ವಿಷಯ ಹೇಳಿದೆ. ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಪದರ ಪದರವಾಗಿ ನೆಲ ಅಗೆಸಿದರು. ಕೆಳಗೆ ನಯಗೊಳಿಸಿದ ಕಲ್ಲಿನ ಕೊಡಲಿಗಳ, ಕೈಯಲ್ಲೇ ತಟ್ಟಿದ ಮಡಕೆಗಳ ಕಾಲ. ಅದರ ಮೇಲೆ ಕಬ್ಬಿಣ ಬಲ್ಲ ಬೃಹತ್ ಶಿಲಾ ಸಮಾಧಿಗಳ ಜನ. ಅವರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ. ಆದರೆ ಅವರ ಮಡಕೆಗಳು ಸಿಕ್ಕಿವೆ. ನೀರು ತಂದ ಕೈ ಸಿಕ್ಕಿಲ್ಲ, ಮಡಕೆ ಸಿಕ್ಕಿದೆ ಎಂದೆ.

ಅವಳು ಸ್ವಲ್ಪ ಯೋಚಿಸಿ ತನ್ನ ಪಟ್ಟಿಯಲ್ಲಿ ತಿದ್ದಿದಳು. 'ತಿಪ್ಪಿ ಎಂಬ ಹೆಸರು' ಕೆಂಪಿನಲ್ಲೇ ಉಳಿಯಿತು. 'ಯಾರೋ ಒಬ್ಬರು ಚಪಡನಿಗೆ ನೀರು ಕೊಟ್ಟರು' ಎಂಬುದು ಹಳದಿಗೆ ಬಂತು.

ಗೆಳೆಯರೇ, ಇತಿಹಾಸದ ಪಾಠಕ್ಕೆ ಕಥೆ ಬೇಕು. ಕಥೆಯಿಲ್ಲದೆ ಸಾವಿರಾರು ವರ್ಷಗಳ ಹಿಂದಿನ ಮನುಷ್ಯರು ಮಕ್ಕಳಿಗೆ ಹತ್ತಿರವಾಗುವುದಿಲ್ಲ. ಆದರೆ ಕಥೆ ಮುಗಿದ ಮೇಲೆ ಮೂರು ಸೀಮೆಸುಣ್ಣಗಳನ್ನು ಮಕ್ಕಳ ಕೈಗೆ ಕೊಡಿ. ಖರ್ಚು ಏನೂ ಇಲ್ಲ. ನಿಮ್ಮ ಕಥೆಯಲ್ಲೂ ಎಲ್ಲೋ ಒಂದು ಶೇಂಗಾ ಅಡಗಿರಬಹುದು. ಮಕ್ಕಳು ಖಂಡಿತ ಹುಡುಕಿ ಕೊಡುತ್ತಾರೆ.